ಕವಳದ ನಾಲಿಗೆಗೆ ತಿಳಿಯದ ಕಹಿ

ಕೋಟಿಂಗ್ ಯಂತ್ರದ ತಳದ ಬಟ್ಟಲನ್ನು ಇಳಿಸಿ ಓರೆ ಮಾಡಿದರೆ ಒಳಗಿನ ಔಷಧದ ಕಾಳು ರವೆಯ ಹಾಗೆ ಸರ್ರನೆ ಜಾರಬೇಕು. ಅವತ್ತು ಏನೂ ಜಾರಲಿಲ್ಲ. ಬದಿಗೆ ಕೈಯಿಂದ ತಟ್ಟಿದೆ. ನೆಲ್ಲಿಕಾಯಿ ಗಾತ್ರದ ಉಂಡೆಗಳು ಒಂದೊಂದಾಗಿ ಟ್ರೇಗೆ ಬಿದ್ದವು. ಕೊನೆಗೆ ಬಿದ್ದದ್ದು ಅರ್ಧ ತೆಂಗಿನಕಾಯಿಯಷ್ಟಿತ್ತು. ಅದರ ಹೊಟ್ಟೆಯ ಮೇಲೆ ಬಟ್ಟಲಿನ ಜಾಳಿಗೆಯ ಅಚ್ಚು ಅಚ್ಚುಕಟ್ಟಾಗಿ ಮೂಡಿತ್ತು.

“ಸರ, ಇದೇನ್ರಿ ಇದು, ಪಂಚಮಿಗೆ ಉಂಡಿ ಕಟ್ಟಿದಂಗ ಆಗೇತಲ್ಲ?” ಎಂದಳು ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು. ದಾಸನಕೊಪ್ಪದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಕೋಟಿಂಗ್ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ.

“ನಗಬೇಡ. ಬಟ್ಟಲು ತೊಳೆ,” ಎಂದೆ.

“ನಗಾಕತ್ತಿಲ್ರಿ ಸರ. ತೊಳದು ತೊಳದು ಕೈ ಸವದಾವ, ಅದಕ್ಕಂದೆ.”

ತೊಂಬತ್ತರ ದಶಕದ ಕೊನೆ. ಶಿರಸಿಯ ಹೊರಗೆ ಯಲ್ಲಾಪುರ ರಸ್ತೆಯಲ್ಲಿದ್ದ ಸಣ್ಣ ಔಷಧ ಕಾರ್ಖಾನೆ ಅದು. ಅಲ್ಲಿಯವರೆಗೆ ಕೆಮ್ಮಿನ ಸಿರಪ್ಪು, ಜ್ವರದ ಮಾತ್ರೆ ಮಾಡಿಕೊಂಡಿದ್ದೆವು. ಹುಬ್ಬಳ್ಳಿಯ ದೊಡ್ಡ ಕಂಪನಿಯೊಂದು ಮಕ್ಕಳಿಗಾಗಿ ಮಲೇರಿಯಾ ಔಷಧವನ್ನು ಕಾಳಿನ ರೂಪದಲ್ಲಿ ಮಾಡಿಕೊಡಿ ಎಂದು ಕೇಳಿತ್ತು. ಕ್ಲೋರೋಕ್ವಿನ್ ಎಷ್ಟು ಕಹಿಯೆಂದರೆ, ಮಾತ್ರೆಯನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಟ್ಟರೂ ಮಕ್ಕಳು ವಾಂತಿ ಮಾಡಿಬಿಡುತ್ತವೆ. ಒಂದೊಂದು ಕಾಳಿನ ಮೇಲೂ ತೆಳು ಪೊರೆಯ ಲೇಪ ಕೊಟ್ಟರೆ ಕಹಿ ನಾಲಿಗೆಗೆ ಹತ್ತುವ ಮೊದಲೇ ಔಷಧ ಗಂಟಲು ದಾಟಿರುತ್ತದೆ. ಅದಕ್ಕಾಗಿ ಆ ಕಂಪನಿ ತನ್ನ ಹಳೆಯ ಕೋಟಿಂಗ್ ಯಂತ್ರವನ್ನು ನಮ್ಮಲ್ಲಿ ತಂದಿಟ್ಟಿತ್ತು. ಚೌತಿಯೊಳಗೆ ಸರಿಯಾದ ಮಾಲು ತೋರಿಸಿದರೆ ಯಂತ್ರವೂ ಕೆಲಸವೂ ನಮಗೆ. ಇಲ್ಲದಿದ್ದರೆ ಲಾರಿ ಬಂದು ಯಂತ್ರ ವಾಪಸ್ಸು ಒಯ್ಯುತ್ತದೆ. ಕೋಟಿಂಗ್ ಕೋಣೆಗೆ ಬೀಗ. ಫಾರ್ಮಸಿ ಓದಿದ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಕೋಣೆಗಾಗಿ.

ಯಂತ್ರದ ಕೆಲಸ ಹೇಳುವುದಕ್ಕೆ ಸುಲಭ. ಉಕ್ಕಿನ ಹಂಡೆಯಂಥ ಪಾತ್ರೆಯಲ್ಲಿ ತಳದಿಂದ ಬಿಸಿಗಾಳಿ ಬಂದು ಕಾಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಚಿಮ್ಮುವ ಕಾಳಿಗೆ ಅಂಟಿನ ದ್ರಾವಣವನ್ನು ಮಂಜಿನಂತೆ ಸಿಂಪಡಿಸಬೇಕು. ಹನಿ ಕಾಳಿನ ಮೇಲೆ ಹರಡಿ ಗಾಳಿಯಲ್ಲೇ ಒಣಗಿ ಪೊರೆಯಾಗಬೇಕು. ಒಣಗುವ ಮೊದಲು ಎರಡು ಕಾಳು ತಾಗಿದರೆ ಅಂಟಿಕೊಳ್ಳುತ್ತವೆ. ಆ ಎರಡು ಇನ್ನೆರಡನ್ನು ಹಿಡಿಯುತ್ತವೆ. ನಮ್ಮದು ರವೆಗಿಂತ ಸಣ್ಣ ಕಾಳು. ಸಣ್ಣದಾದಷ್ಟೂ ಅಂಟುವುದು ಹೆಚ್ಚು. ಜೊತೆಗೆ ಮಳೆಗಾಲ ಶುರುವಾಗಿತ್ತು, ಯಂತ್ರ ಎಳೆದುಕೊಳ್ಳುವ ಗಾಳಿಯೇ ಹಸಿ.

ಸಿಂಪಡಿಸುವ ವೇಗ ತಗ್ಗಿಸಿದೆ. ಒಂದು ಪಾಳಿ ಮುಗಿದರೂ ಪೊರೆ ಕೂರಲಿಲ್ಲ. ಗಾಳಿಯ ಬಿಸಿ ಏರಿಸಿದೆ. ಹನಿ ಕಾಳಿಗೆ ತಲುಪುವ ಮೊದಲೇ ಒಣಗಿ ಹುಡಿಯಾಗಿ ಯಂತ್ರದ ಮೇಲ್ಗಡೆ ಗಾಳಿ ಸೋಸುವ ಬಟ್ಟೆ ಚೀಲಕ್ಕೆ ಹತ್ತಿತು. ಅಂಟುವುದು ತಗ್ಗಲೆಂದು ದ್ರಾವಣಕ್ಕೆ ಟಾಲ್ಕ್ ಪುಡಿ ಬೆರೆಸಿದೆ. ಸಿಂಪಡಿಸುವ ನಳಿಗೆ ಕಟ್ಟಿತು. ಕೊನೆಗೆ ಒಂದು ದಾರಿ ಹೊಳೆಯಿತು. ಉಂಡೆ ಕಟ್ಟುವುದು ಲೇಪ ದಪ್ಪವಾಗುವ ಹೊತ್ತಿಗೆ. ಅದಕ್ಕಿಂತ ಮುಂಚೆ, ಅರ್ಧ ಲೇಪಕ್ಕೇ ನಿಲ್ಲಿಸಿದರೆ? ನಿಲ್ಲಿಸಿದೆ. ಕಾಳು ಸರ್ರನೆ ಜಾರಿತು.

ಅರ್ಧ ಲೇಪ ಕಹಿಯನ್ನು ಮುಚ್ಚುತ್ತದೆಯೇ? ಅದನ್ನು ನೋಡಲು ನಮ್ಮಲ್ಲಿ ಇದ್ದದ್ದು ನಾಲಿಗೆಯೇ. ಒಂದು ಚಿಟಿಕೆ ನಾಲಿಗೆ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ತಾಳಿ, ಉಗುಳಿ, ಬಾಯಿ ಮುಕ್ಕಳಿಸಬೇಕು. ರುಚಿ ನೋಡಿದವರು ಮೂವರು: ಮಾಲೀಕರು, ಸ್ಟೋರ್ ನೋಡುವ ಗುಮಾಸ್ತರು, ನಾನು. ಮಾಲೀಕರ ಕೋಣೆಯಲ್ಲೇ ಕೂತು ನೋಡಿದೆವು.

“ಎಂತ ಮಾರಾಯ, ಕಯ್ಯೇ ಇಲ್ಲ!” ಎಂದರು ಮಾಲೀಕರು.

ಕಹಿಯಿಲ್ಲ ಎಂದು ಗುಮಾಸ್ತರೂ ತಲೆಯಾಡಿಸಿದರು. ನನಗೂ ಏನೂ ಹತ್ತಲಿಲ್ಲ.

ಮಾಲೀಕರು ವಜ್ರಳ್ಳಿ ಕಡೆಯ ತೋಟಸ್ಥರು. ಮೇಜಿನ ಮೇಲೆ ಫೈಲುಗಳ ಪಕ್ಕದಲ್ಲಿ ಯಾವಾಗಲೂ ಕವಳದ ತಟ್ಟೆ ಇರುತ್ತಿತ್ತು. ಎಲೆ, ಅಡಿಕೆ, ಸುಣ್ಣ, ತಂಬಾಕು. ಬಂದವರ ಮುಂದೆ ಅದನ್ನು ದೂಡದೆ ಅವರು ಮಾತು ಶುರು ಮಾಡುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಮುಂದೆಯೂ ದೂಡಿ, “ಹಾಕು,” ಎಂದಿದ್ದರು. ಅಲ್ಲಿಯತನಕ ನನಗೆ ಆ ಅಭ್ಯಾಸವಿರಲಿಲ್ಲ. ಆದರೆ ನನ್ನ ಅಪ್ಪ ಇಂಥವರ ಅಂಗಳದಲ್ಲಿ ನಿಂತು ಬೊಗಸೆಯೊಡ್ಡಿ ಕವಳ ಇಸಿದುಕೊಂಡವರು. ಅದೇ ತಟ್ಟೆ ನನ್ನ ಮುಂದೆ, ಕುರ್ಚಿಯಲ್ಲಿ ಕೂತ ನನ್ನ ಮುಂದೆ ಬಂದಾಗ ಒಲ್ಲೆ ಎನ್ನುವುದು ಹೇಗೆ? ಹಾಕಿದೆ. ದಿನಾ ಹಾಕಿದೆ. ಲೇಪದ ರುಚಿ ನೋಡುವ ದಿನವೂ, ಮೂವರೂ ಮೊದಲು ಕವಳ ಉಗುಳಿ ಬಾಯಿ ತೊಳೆದುಕೊಂಡು, ಆಮೇಲೆಯೇ ನೋಡಿದ್ದು. ಅಷ್ಟು ಸಾಕು ಎಂದುಕೊಂಡಿದ್ದೆವು.

ಮಾಲೀಕರು ಹುಬ್ಬಳ್ಳಿಗೆ ಫೋನು ಮಾಡಿ ಮಾಲು ಪಾಸಾಯಿತು ಎಂದರು.

ಆ ವಾರ ಊರಿಗೆ ಹೋದವನು ಸಣ್ಣ ಬಾಟಲಿಯಲ್ಲಿ ಒಂದಿಷ್ಟು ಕಾಳು ಒಯ್ದಿದ್ದೆ. ಹಾಗೆ ಒಯ್ಯಬಾರದು. ಅಪ್ಪನಿಗೆ ತೋರಿಸುವ ಆಸೆ. ಸಿದ್ದಾಪುರದ ಕಡೆ ನಮ್ಮೂರು. ನಮ್ಮ ಕೇರಿಯಲ್ಲಿ ಕಾಲೇಜು ಮುಗಿಸಿದ ಮೊದಲಿಗ ನಾನು. ಅಪ್ಪ ಎಲೆಯಡಿಕೆ ಬಾಯಿಂದ ತೆಗೆದು, ಒಂದು ಚಿಟಿಕೆ ಹಾಕಿಕೊಂಡು, “ಹೌದನಾ ತಮಾ, ಕಯ್ಯೇ ಇಲ್ಲ!” ಎಂದು ಬಾಟಲಿಯನ್ನು ಕಿಸೆಗಿಳಿಸಿದರು. ಕೊಡು ಎಂದರೆ ಕೊಡಲಿಲ್ಲ. ಮರುದಿನಕ್ಕೆ ಊರೆಲ್ಲ ಸುದ್ದಿ. ಶಾಲೆಯಲ್ಲಿ ನನಗೊಂದು ಸನ್ಮಾನ ಎಂದು ನಿಶ್ಚಯವೂ ಆಗಿಹೋಯಿತು.

ಶಾಲೆಯ ಜಗಲಿಯೇ ವೇದಿಕೆ. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕುರ್ಚಿಯಲ್ಲಿ ಕೂರಿಸಿದರು. ಮಾತಾಡಿದ ಪ್ರತಿಯೊಬ್ಬರೂ ಕಹಿಯಿಲ್ಲದ ಔಷಧದ ವಿಷಯವನ್ನೇ ಎತ್ತಿದರು. ಅಧ್ಯಕ್ಷತೆ ನನಗೆ ಒಂದನೇ ಇಯತ್ತೆಯಿಂದ ಕಲಿಸಿದ ಅಕ್ಕೋರದು. ಆಗ ಅವರೇ ಮುಖ್ಯೋಪಾಧ್ಯಾಯಿನಿ. ಅವರು ಮಾತಿಗೆ ಎದ್ದಾಗ ಅಪ್ಪ ಕೆಳಗಿನಿಂದ ಜಗಲಿಗೆ ಹತ್ತಿ, ಕಿಸೆಯಿಂದ ಬಾಟಲಿ ತೆಗೆದು, “ಅಕ್ಕೋರೆ, ಬಾಯಿಮಾತೆಂತಕ್ಕೆ? ನೀವೇ ಒಂಚೂರು ನೋಡಿ,” ಎಂದು ಅವರ ಅಂಗೈಗೆ ಸುರಿದರು.

ನಾನು ಬೇಡ ಎನ್ನುವುದರೊಳಗೆ ಅಕ್ಕೋರು ಬಾಯಿಗೆ ಹಾಕಿಕೊಂಡಾಗಿತ್ತು.

ಅವರ ಮುಖ ಮೊದಲು ಸುಮ್ಮನಿತ್ತು. ಆಮೇಲೆ ಹುಬ್ಬು ಗಂಟಿಕ್ಕಿತು. ಸೆರಗು ಬಾಯಿಗೆ ಹೋಯಿತು. ಜಗಲಿಯ ಕೊನೆಗೆ ಓಡಿ ತುಳಸಿ ಗಿಡದ ಆಚೆಗೆ ಉಗುಳಿದರು; ಮತ್ತೂ ಉಗುಳಿದರು. ಯಾರೋ ನೀರು ತಂದರು. ಕೆಳಗೆ ಕೂತ ಮಕ್ಕಳು ಮೊದಲು ಕಿಸಕ್ಕೆಂದವು, ಆಮೇಲೆ ದೊಡ್ಡವರೂ. ಹಿಂದಿನಿಂದ ಒಬ್ಬರು, “ಅಕ್ಕೋರೆ ಉಗುಳಿದ ಮೇಲೆ ಹುಡುಗ್ರು ನುಂಗ್ತ್ವನಾ?” ಎಂದರು. ಅಪ್ಪ ಬಾಟಲಿಯ ಮುಚ್ಚಳ ಹಾಕುತ್ತಲೇ ಇದ್ದರು, ಅದು ಕೂರುತ್ತಲೇ ಇರಲಿಲ್ಲ.

ಅಕ್ಕೋರು ಮುಖ ಒರೆಸಿಕೊಂಡು ನನ್ನ ಎದುರಿಗೆ ಬಂದು ನಿಂತರು. “ಇದರ ರುಚಿ ನೋಡಿದ್ದು ಯಾರೋ?”

“ನಾನೇ, ಅಕ್ಕೋರೆ. ನಮ್ಮ ಮಾಲೀಕರೂ ನೋಡಿದಾರೆ.”

“ನಾಲಿಗೆ ತೋರ್ಸು.”

ಮಗ್ಗಿ ತಪ್ಪಿದವನಿಗೆ ಕೈ ಚಾಚು ಎನ್ನುತ್ತಿದ್ದರಲ್ಲ, ಅದೇ ದನಿ. ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಊರಿನ ಎದುರು ನಾನು ನಾಲಿಗೆ ಚಾಚಿದೆ.

“ಇಷ್ಟು ಕೆಂಪಗೆ ಸುಟ್ಟುಕೊಂಡಿದ್ದೀಯಲ್ಲ! ಕವಳ ಹಾಕವರ ನಾಲಿಗೆ ನಂಬ್ಕಂಡು ಔಷಧ ಮಾಡಿದ್ಯ? ಕೂಸುಗಳು ಕವಳ ಹಾಕ್ತಾವೇನೋ?” ಎಂದರು. ಆಮೇಲೆ ದನಿ ತಗ್ಗಿಸಿ, “ಇರ್ಲಿ, ಹಣ್ಣು ತಿನ್ನು,” ಎಂದರು. ಆ ಮೆದು ಮಾತೇ ಹೆಚ್ಚು ಚುಚ್ಚಿತು.

ಮನೆಗೆ ಹೊರಟಾಗ ಅಪ್ಪ ಮುಂದೆ, ನಾನು ಹಿಂದೆ. ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ಯಾರಿಗೂ ಕಾಣದ ಹಾಗೆ.

ಶಿರಸಿಗೆ ಬಂದ ಮೇಲೆ ಕವಳ ಬಿಟ್ಟೆ. ಮಾಲೀಕರ ಕೋಣೆಗೆ ಹೋಗುವುದನ್ನೇ ಏನಾದರೊಂದು ನೆವ ಹೇಳಿ ತಪ್ಪಿಸಿದೆ. ಕೆಲವು ದಿನಗಳಲ್ಲಿ ಊಟದ ರುಚಿ ಬೇರೆಯಾಯಿತು. ಮಜ್ಜಿಗೆಯ ಹುಳಿ ಹಲ್ಲಿಗೆ ಹತ್ತಿತು. ಒಂದು ಬೆಳಿಗ್ಗೆ ಪಾಸಾದ ಮಾಲಿನ ಚಿಟಿಕೆಯನ್ನು ನಾಲಿಗೆ ಮೇಲಿಟ್ಟುಕೊಂಡೆ. ಕಹಿ ನಿಧಾನವಾಗಿ ಬರಲಿಲ್ಲ, ಬಡಿಯಿತು. ಸಿಂಕಿನ ಮೇಲೆ ಬಗ್ಗಿ ನಿಂತಿದ್ದಾಗ ದಾಸನಕೊಪ್ಪದವಳು ಬಾಗಿಲಲ್ಲಿ ಇಣುಕಿ, “ಹೊಟ್ಟಿ ಕೆಟ್ಟೇತೇನ್ರಿ ಸರ?” ಎಂದು ಕೇಳಿದಳು.

“ಮಾಲು ಕೆಟ್ಟಿದೆ.”

“ಪಾಸಾಗೇತಲ್ರಿ?”

ಅರ್ಧ ಲೇಪ ಸಾಲದು. ಪೂರ್ತಿ ಲೇಪ ಕೊಟ್ಟರೆ ಉಂಡೆ. ಹುಬ್ಬಳ್ಳಿಯವರು ಚೌತಿಗೆ ಮುಂಚೆ ಮಾಲು ನೋಡಲು ಬರುವವರಿದ್ದರು. ಅವರೂ ಕವಳ ಹಾಕುವವರೇ ಆಗಿದ್ದರೆ ಮಾಲು ದಾಟಿಹೋಗಬಹುದು ಎಂಬ ಯೋಚನೆ ಬಾರದೆ ಇರಲಿಲ್ಲ. ಆ ಮಾಲು ಕೊನೆಗೆ ಯಾವುದೋ ಮಾಗೋಡಿನ ಕಡೆಯ ಮನೆಯಲ್ಲಿ ಜ್ವರದ ಕೂಸಿನ ಬಾಯಿಗೆ ಹೋಗುತ್ತದೆ, ಅದು ಉಗುಳುತ್ತದೆ, ತಾಯಿ ಮತ್ತೆ ತುರುಕುತ್ತಾಳೆ. ಅಕ್ಕೋರಿಗಾದರೆ ನೀರು ತರಲು ಜನ ಇದ್ದರು.

ಮಾಲೀಕರ ಕೋಣೆಗೆ ಹೋದೆ. ಅವರು ಎಂದಿನಂತೆ ತಟ್ಟೆ ದೂಡಿದರು. “ಎಲ್ಲಿ ಮಾರಾಯ, ಕಾಣದ್ದು ಎಷ್ಟು ದಿನ ಆತು? ಹಾಕು.”

“ಬೇಡ ಸರ್.”

“ಎಂತಕ್ಕೆ? ವ್ರತವನಾ?”

“ಮಾಲು ಪಾಸಾಗಿಲ್ಲ ಸರ್. ಕಹಿ ಇದೆ. ನಮಗೆ ಗೊತ್ತಾಗಲಿಲ್ಲ.” ತಟ್ಟೆಯನ್ನು ಅವರ ಕಡೆಗೇ ಸರಿಸಿದೆ. “ಕವಳ ಹಾಕಿದ ನಾಲಿಗೆ ಈ ಕೆಲಸಕ್ಕೆ ನಡೆಯೋದಿಲ್ಲ. ನಂದೂ ನಡೆಯೋದಿಲ್ಲ, ನಿಮ್ದೂ.”

ಅವರ ಕೈ ಸುಣ್ಣದ ಡಬ್ಬಿಯ ಮೇಲೆ ಇತ್ತು, ಅಲ್ಲೇ ನಿಂತಿತು. “ನಾನು ಹುಟ್ಟಿದಾರಭ್ಯ ಊಟ ಮಾಡಿದ್ದು ಇದೇ ನಾಲಿಗೇಲಿ,” ಎಂದರು. “ಹುಬ್ಬಳ್ಳಿಗೆ ಪಾಸು ಅಂದಾಯ್ತಲ್ಲ. ಈಗ ಎಂತ ಹೇಳೂದು? ನನ್ನ ನಾಲಿಗೆ ಸರಿ ಇಲ್ಲ ಅಂತ್ಲಾ?”

“ಮಾಡಿದವನಿಗೆ ಗೊತ್ತಾಗಲಿಲ್ಲ ಅನ್ನಿ ಸರ್.”

ನಾನು ಬಾಗಿಲು ದಾಟುವಾಗ ಅವರು ಊರಿನ ಅಣ್ಣನಿಗೆ ಫೋನು ಹಚ್ಚಿದ್ದರು. ಮನೆಮಾತಿನಲ್ಲಿ ಆಡಿದರೆ ನನಗೆ ತಿಳಿಯುವುದಿಲ್ಲ ಎಂದು ಅವರ ಎಣಿಕೆಯೋ, ತಿಳಿದರೂ ಏನು ಎಂದೋ. “ಇಲ್ಲೆ ಮಾರಾಯ, ಇದು ಆಪ ಹೋಪ ಕೆಲಸ ಅಲ್ಲ. ಅಂವ ಕಲ್ತವ ಹೇಳಿ ನಂಬಿ ಕೂತಿದ್ದಿ. ಚೌತಿ ಒಳಗೆ ಆಗದ್ರೆ ಮಿಷನ್ ವಾಪಸ್ ಕಳಸ್ತೆ ಆನು.” ನಾನು ಆ ಮಾತು ಕೇಳುತ್ತಲೇ ಬೆಳೆದವನು. ಒಂದಕ್ಷರವೂ ತಪ್ಪಲಿಲ್ಲ.

ಕಾಲೇಜಿನ ನನ್ನ ಗುರುಗಳು ಹಿಂದೆಯೇ ಕಳಿಸಿದ್ದ ಒಂದು ಲೇಖನದ ಜೆರಾಕ್ಸ್ ನನ್ನ ಬಳಿ ಇತ್ತು. ಲೇಪದ ದ್ರಾವಣಕ್ಕೆ ಸ್ವಲ್ಪ ಉಪ್ಪು, ಅಡುಗೆ ಉಪ್ಪಿನದೇ ಶುದ್ಧ ರೂಪ, ಬೆರೆಸಿದರೆ ಕಾಳುಗಳು ಅಂಟುವುದು ಕಡಿಮೆಯಾಗುತ್ತದೆ ಎಂದಿತ್ತು. ಓದಿ ಬದಿಗಿಟ್ಟಿದ್ದೆ. ಮಳೆಗಾಲದಲ್ಲಿ ಉಪ್ಪು ತುಂಬಿಡುವ ಮರದ ಮರಿಗೆಯೊಳಗೆ ನೀರು ನಿಲ್ಲುವುದನ್ನು ನೋಡಿ ಬೆಳೆದವನಿಗೆ, ಅಂಟು ಬಿಡಿಸಲು ಉಪ್ಪು ಹಾಕು ಎನ್ನುವುದು ಹುಚ್ಚು ಮಾತಾಗಿ ಕಂಡಿತ್ತು. ಈಗ ಮತ್ತೆ ತೆಗೆದು, ಲೇಖನ ಹೇಳುವ ಕಾರಣವನ್ನು ನಿಧಾನವಾಗಿ ಓದಿದೆ. ನಾವು ಬಳಸುತ್ತಿದ್ದ ಅಂಟು ನೀರಿನಲ್ಲಿ ಉದ್ದ ಎಳೆಗಳಾಗಿ ಬಿಚ್ಚಿಕೊಂಡು, ನೀರನ್ನು ಹಿಡಿದುಕೊಂಡು, ಲೋಳೆಯಾಗುತ್ತದೆ. ಉಪ್ಪು ಆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಳೆಗಳು ಮುದುಡುತ್ತವೆ. ಲೋಳೆ ತಿಳಿಯಾಗಿ, ಕಾಳಿಗೆ ಕಾಳು ಕಚ್ಚುವ ಬಲ ತಗ್ಗುತ್ತದೆ. ಮರಿಗೆಯಲ್ಲಿ ಉಪ್ಪು ನೀರೆಳೆಯುವ ಗುಣವೇ ಇಲ್ಲಿ ಕೆಲಸಕ್ಕೆ ಬರುವುದು.

ಮಾಲೀಕರಿಗೆ ಹೇಳಿದಾಗ ಅವರು ನಕ್ಕರು. ತುಂಬ ದಿನದ ಮೇಲೆ ನಕ್ಕದ್ದು. “ಲೇಪ ಮಾಡು ಅಂದ್ರೆ ಉಪ್ಪಿನಕಾಯಿ ಹಾಕ್ತ್ಯನಾ ಮಾರಾಯ?” ಎಂದರು. ಆದರೆ ಪ್ರಯೋಗಕ್ಕೆ ಬೇಡ ಎನ್ನಲಿಲ್ಲ.

ಮೊದಲನೆಯದು ಹಾಳಾಯಿತು. ನಮ್ಮ ಅಂಟಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ತಣಿಯುವಾಗ ಕರಗಿಸಬೇಕು. ಉಪ್ಪು ಬೇಗ ಕರಗಲಿ ಎಂದು ಅದನ್ನೂ ಬಿಸಿನೀರಿಗೇ ಹಾಕಿಬಿಟ್ಟೆ. ಹೆದರಿಕೆಯಿಂದಲೋ ಏನೋ, ಉಪ್ಪು ಕೈತಪ್ಪಿ ಜಾಸ್ತಿಯೂ ಬಿತ್ತು. ತಣಿದರೂ ಅಂಟು ಕರಗಲೇ ಇಲ್ಲ. ಒಡೆದ ಹಾಲಿನ ಹಾಗೆ ಬಿಳಿ ಚೂರು ಮೇಲೆ, ನೀರು ಕೆಳಗೆ.

“ಸರ, ಲಿಂಬಿಹಣ್ಣು ಹಿಂಡೀರೇನ್ರಿ?” ಎಂದಳು ದಾಸನಕೊಪ್ಪದವಳು. ನನ್ನ ಮುಖ ನೋಡಿ, “ಹೋಗ್ಲಿ ಬಿಡ್ರಿ, ಇದನ್ನ ತೊಳಿಯೂದು ಹಗುರೈತಿ. ಉಂಡಿಗಿಂತ ಛಲೋ,” ಎಂದಳು.

ಎರಡನೆಯ ಸಲ ಉಪ್ಪು ತಗ್ಗಿಸಿದೆ. ದ್ರಾವಣವೇನೋ ತಿಳಿಯಾಯಿತು. ಆದರೆ ಸಿಂಪಡಿಸುವ ನಳಿಗೆಯ ತುದಿಯಲ್ಲಿ ಬೆಣ್ಣೆಯಂತೆ ಕಟ್ಟಿತು. ಬಿಸಿಗಾಳಿ ನಳಿಗೆಯನ್ನು ಕಾಯಿಸುತ್ತಿತ್ತು. ಉಪ್ಪು ಬಿದ್ದ ದ್ರಾವಣ ಮೊದಲಿಗಿಂತ ಕಡಿಮೆ ಬಿಸಿಗೇ ಹೆಪ್ಪುಗಟ್ಟುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ಮಾಲೀಕರು ಬಾಗಿಲಲ್ಲಿ ನಿಂತು ನೋಡಿ ತಮ್ಮ ಕೋಣೆಗೆ ಮರಳಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಮೂರನೆಯದಕ್ಕೆ ಕ್ರಮ ಬದಲಿಸಿದೆ. ಅಂಟನ್ನು ಹಿಂದಿನ ದಿನವೇ ಪೂರ್ತಿ ಕರಗಿಸಿ ತಣ್ಣಗಿಟ್ಟೆ. ಉಪ್ಪನ್ನು ಬೇರೆ ತಣ್ಣೀರಿನಲ್ಲಿ ಕರಗಿಸಿ, ಕದಡುತ್ತ ಕದಡುತ್ತ ಎಳೆಯಾಗಿ ಬಿಟ್ಟೆ. ಇನ್ನಷ್ಟು ಕಡಿಮೆ ಉಪ್ಪು. ದ್ರಾವಣದ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ. ನಳಿಗೆಗೆ ಹೋಗುವ ಕೊಳವೆಗೆ ಒದ್ದೆ ಬಟ್ಟೆ ಸುತ್ತಿದೆವು. ಒಳಬರುವ ಗಾಳಿಯ ಬಿಸಿಯನ್ನೂ ಒಂದು ಮಟ್ಟ ಇಳಿಸಿದೆ. ಯಂತ್ರ ಶುರುವಾಯಿತು. ಕಿಟಕಿಯ ಗಾಜಿನಾಚೆ ಕಾಳು ಕುದಿಯುವ ಅನ್ನದಂತೆ ಏಳುತ್ತಿತ್ತು. ಪ್ರತಿ ಸಲ ಉಂಡೆ ಕಟ್ಟುವ ಹೊತ್ತು ಬಂತು. ದಾಸನಕೊಪ್ಪದವಳು ಗಾಜಿನ ಹತ್ತಿರಕ್ಕೆ ಮುಖ ತಂದಳು. ಆ ಹೊತ್ತು ದಾಟಿತು. ಕಾಳು ಇನ್ನೂ ಏಳುತ್ತಿತ್ತು.

ಬಟ್ಟಲು ಇಳಿಸಿ ಓರೆ ಮಾಡಿದೆ. ಸರ್ರನೆ ಸದ್ದಾಯಿತು. ಜರಡಿ ಹಿಡಿದರೆ ಮೇಲೆ ಉಳಿದದ್ದು ಒಂದು ಹಿಡಿಯೂ ಇರಲಿಲ್ಲ.

“ಇವತ್ತ ಉಂಡಿ ಇಲ್ರಿ ಸರ,” ಎಂದಳು, ಬೇಸರವಾದವಳ ಹಾಗೆ.

ಉಪ್ಪು ತನ್ನ ಗುಣ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ತೆರೆದಿಟ್ಟ ತಟ್ಟೆಯ ಕಾಳು ಮರುದಿನಕ್ಕೆ ಮೆತ್ತಗಾಗಿತ್ತು. ಯಂತ್ರದಿಂದ ಇಳಿಸಿದ ಕೂಡಲೇ ಅಲ್ಯುಮಿನಿಯಂ ಪೊಟ್ಟಣಕ್ಕೆ ತುಂಬಿ ಮುಚ್ಚಬೇಕು ಎಂದು ನಿಯಮ ಮಾಡಿದೆ. ಮುಚ್ಚಿದ್ದು ಹಾಗೇ ಉಳಿಯಿತು.

ಇನ್ನು ನಾಲಿಗೆ. ನನ್ನದೊಂದನ್ನೇ ನಂಬುವ ಧೈರ್ಯ ನನಗಿರಲಿಲ್ಲ. ದಾಸನಕೊಪ್ಪದವಳೂ ಸುಣ್ಣ ತಂಬಾಕು ತಿಕ್ಕುವವಳು. ಮಾಲೀಕರೇ, “ಕವಳ ಹಾಕದವ್ರು ಎಲ್ಲಿ ಸಿಗ್ತ್ರು? ನಮ್ಮ ಬದಿಗೆ ಹುಡುಕೂದೇ ಕಷ್ಟ,” ಎಂದರು. ಒಬ್ಬರು ಗೊತ್ತು ಎಂದೆ. ಅಪ್ಪನಿಗೆ ಫೋನು ಹಚ್ಚಿ, ಅಕ್ಕೋರನ್ನು ರವಿವಾರ ಶಿರಸಿಗೆ ಕರೆದುಕೊಂಡು ಬರಲಾಗುತ್ತದೆಯೇ ಎಂದು ಕೇಳಿದೆ. “ಮತ್ತೆ ಅವ್ರೇನಾ ತಮಾ?” ಎಂದರು ಅಪ್ಪ.

ಬಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಾಗಿಲ ಹೊರಗೇ ನಿಂತಿದ್ದರು. ಮಾಲೀಕರು ಒಳಗೆ ಕರೆದು, ಕುರ್ಚಿ ತೋರಿಸಿ, ತಟ್ಟೆ ದೂಡಿದರು. “ಬೇಡ ಒಡೆಯಾ,” ಎಂದರು ಅಪ್ಪ, ಕುರ್ಚಿಯ ತುದಿಯಲ್ಲಿ ಕೂತು. ಅಪ್ಪ ಕವಳ ಬೇಡ ಎಂದದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

ಅಕ್ಕೋರು ಚಿಟಿಕೆಯನ್ನು ನಾಲಿಗೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ನೀರಿನ ಲೋಟ ಕೈಯಲ್ಲೇ ಇತ್ತು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಅಲುಗಲಿಲ್ಲ. ಉಗುಳಿ ಬಂದು, “ಸ್ವಲ್ಪ ಉಪ್ಪುಪ್ಪು ಅನಿಸ್ತದೆ,” ಎಂದರು. “ಕಹಿ ಇಲ್ಲ. ತಾಳು, ಕಡೆಗೆ ಬರ್ತದೇನೋ...” ಮತ್ತೂ ಕಾದರು. “ಇಲ್ಲ ಕಣೋ. ಕೂಸುಗಳು ನುಂಗ್ತಾವೆ.”

ಮಾಲೀಕರು ಹುಬ್ಬಳ್ಳಿಯ ನಂಬರು ತಿರುಗಿಸತೊಡಗಿದರು. ಯಂತ್ರ ಉಳಿಯಿತು. ನನಗೆ ಖುಷಿಯಾಗಬೇಕಿತ್ತು, ಆಯಿತೂ ಅನ್ನಿ. ಆದರೆ ನಾನು ನೋಡುತ್ತಿದ್ದದ್ದು ಅಪ್ಪನನ್ನು. ಅವರು ಎದ್ದು ಹೊರಗಿನ ನಲ್ಲಿಗೆ ಹೋಗಿ, ಬಾಯಿ ಮುಕ್ಕಳಿಸಿ, ಬೆರಳಿನಿಂದ ನಾಲಿಗೆ ತಿಕ್ಕಿ ತಿಕ್ಕಿ ತೊಳೆದು ಬಂದರು. “ಈ ವಾರಪೂರ್ತಿ ಹಾಕಲಿಲ್ಲ ತಮಾ. ನಂಗೂ ಒಂಚೂರು ಕೊಡು,” ಎಂದು ಅಂಗೈ ಚಾಚಿದರು.

ಕೊಟ್ಟೆ. ಬಾಯಿಗೆ ಹಾಕಿಕೊಂಡು, ಅಕ್ಕೋರು ಮಾಡಿದ ಹಾಗೆಯೇ ಕಣ್ಣು ಮುಚ್ಚಿ ನಿಂತರು. ಎಷ್ಟೋ ವರ್ಷಗಳ ಸುಣ್ಣ ತಂಬಾಕಿನ ನಾಲಿಗೆ. ಒಂದು ವಾರಕ್ಕೆ ಅದು ತಿರುಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪ ಕಣ್ಣು ತೆರೆದು, ಅಕ್ಕೋರಿಗೆ ಕೇಳದ ಹಾಗೆ ನನ್ನ ಹತ್ತಿರ ಬಂದು ಹೇಳಿದರು:

“ನಂಗೆ ಮೊದ್ಲಿನ ಬಾಟ್ಲಿದೂ ಹಿಂಗೇ ಇತ್ತು ತಮಾ, ಕಯ್ಯೇ ಹತ್ತಿರಲಿಲ್ಲ. ಅದ್ಕೇ ಅವತ್ತು ಜಗಲಿ ಹತ್ತಿದ್ದು.”